ಮೊದಲ ಬೆಂಚಿನ ಮಾವ

ಜುಲೈ ೩, ಸೋಮವಾರ

ಈ ವರ್ಷವೂ ಮೊದಲ ವರ್ಷದ ಮಕ್ಕಳ ಪಾಠವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಸಂಶೋಧನೆಗೆ ಸಮಯ ಬೇಕು, ಪಾಠದ ಹೊರೆ ಇಳಿಸಿ ಎಂದು ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟಿದ್ದೆ. ಅವರು ಅದನ್ನು ಓದಿ, ನಾಲ್ಕಾಗಿ ಮಡಿಸಿ, ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಡಲಿಲ್ಲ ಎನ್ನುವುದಷ್ಟೇ ಸಮಾಧಾನ.

"ನಿಮ್ಮ ಕೆಲಸ ಖಾಯಂ ಆಗೋದು ಈ ಟರ್ಮ್ ಆದ್ಮೇಲೆ ತಾನೇ? ಒಂದಿನ ನಾನೇ ನಿಮ್ಮ ಕ್ಲಾಸಿಗೆ ಬಂದು ಕೂತ್ಕೋತೀನಿ. ಆಮೇಲೆ ನೋಡೋಣ" ಅಂದರು.

ನನ್ನ ಕೆಲಸ ನೀರುಚಿಗಟದ ಮೇಲೆ. ಕೆರೆಯ ನೀರಿನಲ್ಲಿ ಕುಪ್ಪಳಿಸುವ, ಎಳ್ಳಿನಷ್ಟು ಗಾತ್ರದ, ಗಾಜಿನಂಥ ಮೈಯ ಜೀವಿ. ಒಳಗಿನ ಹೃದಯ ಹೊರಗಿನಿಂದಲೇ ಕಾಣುತ್ತದೆ. ನೀರು ಬೆಚ್ಚಗಾದಂತೆ ಅದರ ಎದೆಬಡಿತ ಎಷ್ಟು ಏರುತ್ತದೆ ಎಂದು ಎರಡು ವರ್ಷದಿಂದ ಎಣಿಸುತ್ತಿದ್ದೇನೆ. ಇವತ್ತಿನ ಎಣಿಕೆಗೂ ನಾಳೆಯ ಎಣಿಕೆಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಮುಖದಲ್ಲಿ ವರ್ಷಗಳಿಂದ ಕಾಣದ ಕಳೆ. ಮಾವ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದ ಮೇಲೆ ಅಡುಗೆಮನೆಯನ್ನೇ ಕೋರ್ಟು ಮಾಡಿಕೊಂಡಿದ್ದಾರೆ. ಹಾಲು ಉಕ್ಕಿದರೆ ಆ ಹೊತ್ತಿಗೆ ಸ್ಥಳದಲ್ಲಿ ಯಾರಿದ್ದರು ಎಂಬಲ್ಲಿಂದ ವಿಚಾರಣೆ ಶುರು.

"ಹಿರಿಯರೂ ಕಾಲೇಜಿಗೆ ಸೇರ್ಬೋದು ಅಂತ ಹೊಸ ನಿಯಮ ಬಂದಿದ್ಯಂತಲ್ಲ. ನಿಮ್ಮ ಮಾವನ್ನ ಸೇರಿಸ್ಬಿಟ್ಟೆ" ಅಂದರು.

"ಯಾವ ವಿಷಯಕ್ಕೆ ಅತ್ತೆ?"

"ಇತಿಹಾಸ ಕೇಳ್ದೆ, ತುಂಬಿತ್ತು. ನಿಮ್ಮ ವಿಭಾಗದಲ್ಲಿ ಮಾತ್ರ ಬೇಕಾದಷ್ಟು ಸೀಟು ಖಾಲಿ ಬಿದ್ದಿದ್ವಂತೆ."

ಜುಲೈ ೫, ಬುಧವಾರ

ನಾನು ತರಗತಿಗೆ ಕಾಲಿಟ್ಟ ಕೂಡಲೇ ಮೊದಲ ಬೆಂಚಿನಲ್ಲಿ ಮಾವ ಎದ್ದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಅವರು ಎದ್ದರೆಂದು ಪಕ್ಕದ ಎರಡು ಜಡೆಯ ಹುಡುಗಿ ಎದ್ದಳು, ಅವಳನ್ನು ನೋಡಿ ಉಳಿದವರೂ ಎದ್ದರು. ಮನೆಯಲ್ಲಿ ಅವರು ಕೋಣೆಗೆ ಬಂದರೆ ನಾನು ಏಳಬೇಕು. ಇಲ್ಲಿ ನನಗಾಗಿ ಅವರು ಎದ್ದಿದ್ದಾರೆ. ಕೂತ್ಕೋ ಎನ್ನುವುದೋ ಕೂತ್ಕೊಳ್ಳಿ ಎನ್ನುವುದೋ ತಿಳಿಯದೆ ಕೈಯಾಡಿಸಿದೆ, ನೊಣ ಓಡಿಸಿದ ಹಾಗೆ.

ಹಾಜರಿ ಕರೆದಾಗ "ಹಾಜರಿದ್ದೇನೆ ಮೇಡಂ" ಎಂದು ಕಟ್ಟಡವೇ ಮೊಳಗುವಂತೆ ಕೂಗಿದರು.

ರಾತ್ರಿ ಊಟಕ್ಕೆ ಕುಳಿತಾಗ "ಮೇಡಂ, ಒಂಚೂರು ಉಪ್ಪು" ಅಂದರು. ಇವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು. ಊರವರಿಗೆಲ್ಲ ಕನ್ನಡಕ ಮಾಡಿಕೊಡುವ ಗಂಡನಿಗೆ ಹೆಂಡತಿಯ ಸಂಕಟ ಮಾತ್ರ ಕಾಣಿಸುವುದಿಲ್ಲ.

ಜುಲೈ ೬, ಗುರುವಾರ

ನನ್ನ ಕೋಣೆಯಲ್ಲೇ ಕೂತು ಬೂಷ್ಟಿನ ಮೇಲೆ ಸಂಶೋಧನೆ ಮಾಡುವ ಶಿಲೀಂಧ್ರ ಮೇಡಂ ಮೊದಲ ವರ್ಷದ ಇನ್ನೊಂದು ಸೆಕ್ಷನ್ನಿಗೆ ಪಾಠ ಮಾಡುತ್ತಾರೆ. ಮಾವನನ್ನು ಅವರ ಕಡೆಗೆ ಹಾಕಿಕೊಳ್ಳಿ ಎಂದು ಬೇಡಿಕೊಂಡೆ. ಬೂಷ್ಟು ಬೆಳೆದ ರೊಟ್ಟಿಯ ಡಬ್ಬಿ ಮುಚ್ಚುತ್ತಾ, "ನಿಮ್ಮನೆ ಮಾವನ್ನ ನಾನ್ಯಾಕೆ ಸಾಕ್ಲಿ? ನನ್ನ ಮಾವ ಸೇರ್ಕೊಂಡಾಗ ನೀವು ಹಾಕ್ಕೊಳ್ತೀರಾ?" ಅಂದರು.

ಜುಲೈ ೧೮, ಮಂಗಳವಾರ

ಜೀವಕೋಶದ ಪಾಠ. ಎಂದಿನಂತೆ ಟಿಪ್ಪಣಿ ಓದಿ ಬರೆಸುತ್ತಿದ್ದೆ. ಮಾವ ಕೈ ಎತ್ತಿದರು.

"ಮೇಡಂ, ಕೋಶದೊಳಗೆ ಇಷ್ಟೆಲ್ಲ ಸಾಮಾನು ಇದೆ ಅಂತ ಹೇಳಿದ್ರಿ. ಕಂಡೋರು ಯಾರು?"

"ವಿಜ್ಞಾನಿಗಳು."

"ನೀವು ಕಂಡಿದೀರಾ?"

"ಪುಸ್ತಕದಲ್ಲಿದೆ."

"ಅದು ಕೇಳಿದ ಮಾತು ಮೇಡಂ. ಕೇಳಿದ ಮಾತು ಸಾಕ್ಷಿ ಆಗಲ್ಲ."

ತರಗತಿ ಗೊಳ್ಳೆಂದಿತು. ಕೊನೆಯ ಬೆಂಚಿನಲ್ಲಿ ಸದಾ ತೂಗಡಿಸುವ ಉದ್ದನೆಯ ಹುಡುಗ ಕಣ್ಣುಬಿಟ್ಟು ನೆಟ್ಟಗೆ ಕುಳಿತ. ಈರುಳ್ಳಿ ಸಿಪ್ಪೆಯನ್ನು ಪ್ರಯೋಗಾಲಯದಲ್ಲಿ ತೋರಿಸುತ್ತೇನೆ ಎಂದು ಹೇಳಿ ಬಾಯಿ ಮುಚ್ಚಿಸಿದೆ. ಈಗ ಮೊದಲೇ ಸಿದ್ಧ ಮಾಡಿಡಬೇಕು. ಸುಮ್ಮನೆ ಕೆಲಸ.

ಜುಲೈ ೨೭, ಗುರುವಾರ

ಮೊದಲ ಕಿರುಪರೀಕ್ಷೆ. ಮಾವನಿಗೆ ಇಪ್ಪತ್ತಕ್ಕೆ ನಾಲ್ಕು. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸ ಕೇಳಿದ್ದೆ. "ಸದರಿ ಸಸ್ಯಕೋಶವು ತನ್ನ ಸುತ್ತ ಗೋಡೆ ಕಟ್ಟಿಕೊಂಡಿದ್ದು, ಪ್ರಾಣಿಕೋಶವು ಅಂಥ ಯಾವುದೇ ಬಂದೋಬಸ್ತು ಮಾಡಿಕೊಂಡಿರುವುದಿಲ್ಲ" ಎಂಬಲ್ಲಿಗೆ ಅವರ ವಿದ್ಯೆ ಮುಗಿದಿತ್ತು. ಆ ನಾಲ್ಕು ಆ ಗೋಡೆಗೆ ಕೊಟ್ಟದ್ದು.

ಮಾವ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು. ಅತ್ತೆ ಬಿಡಲಿಲ್ಲ. "ಮನೆ ಯಜಮಾನರಿಗೆ ನಾಲ್ಕಂತೆ. ಬರೀ ಅಕ್ಷರ ದುಂಡಗಿದೆ ಅಂತಲೇ ಐದು ಕೊಡ್ಬೋದಿತ್ತು" ಎಂದು ಪಾತ್ರೆಗಳ ಹತ್ತಿರ ಹೇಳುತ್ತಿದ್ದರು. ಪಾತ್ರೆಗಳು ಜೋರಾಗಿ ಹೌದೆನ್ನುತ್ತಿದ್ದವು. ಇವರು ಅತ್ತ ಅಮ್ಮನನ್ನೂ ಇತ್ತ ನನ್ನನ್ನೂ ನೋಡಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಇವತ್ತು ಅಂಗಡಿಗೆ ರಜೆ.

ಆಗಸ್ಟ್ ೩, ಗುರುವಾರ

ಪ್ರಯೋಗಾಲಯ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಡಿಸಿ ಅಂದರೆ ಮಾವ ಸಾಲಾಗಿ ಕಪ್ಪು ಕೂದಲಿನಂಥವನ್ನು ಬಿಡಿಸಿ, ಕೆಳಗೆ "ಬಹುಪಾದದ ಜೀವಿ, ಹೆಸರು ತಿಳಿದುಬಂದಿಲ್ಲ" ಎಂದು ಬರೆದಿದ್ದರು. ಅದು ಅವರದೇ ಕಣ್ಣಿನ ರೆಪ್ಪೆ. ಹೇಳಿದರೆ ಒಪ್ಪುವುದಿಲ್ಲ.

ಕೀಟಗಳಿಗೂ ಏಡಿಗಳಿಗೂ ಹೃದಯ ಇದೆ ಅಂದೆ. ಮತ್ತೆ ಅದೇ ಪ್ರಶ್ನೆ, ಈ ಸಲ ಕೊನೆಯ ಬೆಂಚಿನವನಿಂದ: "ಸಾಕ್ಷಿ ಏನು ಮೇಡಂ?" ರೋಗ ಹರಡುತ್ತಿದೆ.

ಸಿಟ್ಟಿಗೆ ನನ್ನ ನೀರುಚಿಗಟಗಳನ್ನೇ ತಂದು ತೋರಿಸುತ್ತೇನೆ ಅಂದುಬಿಟ್ಟೆ. ನನ್ನ ಸಂಶೋಧನೆಯ ಪ್ರಾಣಿಗಳು ಅವು. ಪ್ರದರ್ಶನದ ಸಾಮಾನಲ್ಲ.

ಆಗಸ್ಟ್ ೯, ಬುಧವಾರ

ಹೇಳಿದಂತೆ ನೀರುಚಿಗಟಗಳನ್ನು ತಂದೆ. ಒಂದು ಹನಿ ನೀರು, ಅದು ಓಡಾಡದ ಹಾಗೆ ಹತ್ತಿಯ ನಾಲ್ಕು ಎಳೆ, ಮಧ್ಯದಲ್ಲಿ ಒಂದು ನೀರುಚಿಗಟ. ಎರಡು ಜಡೆಯವಳು ಮೊದಲು ಕಣ್ಣಿಟ್ಟಳು. ಆಮೇಲೆ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು, "ಎಷ್ಟು ಜೋರಾಗಿ ಹೊಡ್ಕೊಳ್ತಿದೆ ಮೇಡಂ, ಪಾಪ" ಅಂದಳು.

ಕಣ್ಣಿನಲ್ಲಿ ಎಣಿಸಲು ಆಗದಷ್ಟು ವೇಗ ಎಂದು ನಾನು ಹೇಳುವಷ್ಟರಲ್ಲಿ ಕೊನೆಯ ಬೆಂಚಿನವನು ಒಂದು ಉಪಾಯ ತೆಗೆದ. ಒಬ್ಬರು ನೋಡುತ್ತಾ ಬಡಿತಕ್ಕೊಂದರಂತೆ ಹಾಳೆಯ ಮೇಲೆ ಪೆನ್ನಿನಿಂದ ಚುಕ್ಕಿ ಕುಟ್ಟುವುದು, ಇನ್ನೊಬ್ಬರು ಗಡಿಯಾರ ನೋಡಿ ನಿಲ್ಲಿಸುವುದು, ಆಮೇಲೆ ಚುಕ್ಕಿ ಎಣಿಸುವುದು. ಪ್ರಯೋಗಾಲಯ ಅಕ್ಕಸಾಲಿಗರ ಬೀದಿಯಾಯಿತು. ಗಂಟೆಯಾದರೂ ಯಾರೂ ಏಳಲಿಲ್ಲ. ಮಾವನಿಗೆ ಗಡಿಯಾರದ ಕೆಲಸ ಕೊಟ್ಟಿದ್ದರು. "ನಿಲ್ಲಿಸಿ" ಎಂದು ಅವರು ಕೂಗಿದರೆ ಪಕ್ಕದ ಕಟ್ಟಡದಲ್ಲೂ ನಿಲ್ಲಿಸುತ್ತಾರೆ.

ಪಾಠ ಒಂದು ವಾರ ಹಿಂದೆ ಬಿದ್ದಿದೆ.

ಆಗಸ್ಟ್ ೧೭, ಗುರುವಾರ

ಇವತ್ತು ಜಗಳ. ಕಿಟಕಿಯ ಪಕ್ಕದ ಹಳೆಯ ಸೂಕ್ಷ್ಮದರ್ಶಕಗಳಿಗೆ ಬೆಳಕು ಬರುವುದು ಕೆಳಗಿನ ಕನ್ನಡಿಯಿಂದ. ಗೋಡೆಯ ಕಡೆಯ ಹೊಸವಕ್ಕೆ ಒಳಗೇ ದೀಪವಿದೆ. ಒಂದೇ ಬಾಟಲಿಯ ನೀರುಚಿಗಟ, ಆದರೆ ಗೋಡೆ ಕಡೆಯವರ ಎಣಿಕೆ ಯಾವಾಗಲೂ ಹೆಚ್ಚು. ನೀವು ಸುಳ್ಳು ಬರೆದಿದ್ದೀರಿ, ನಿಮಗೆ ಎಣಿಸಲು ಬರುವುದಿಲ್ಲ ಎಂದು ಎರಡು ಕಡೆಯವರೂ ಕೂಗಾಡಿದರು.

ನಾನು ಜಗಳ ಬಿಡಿಸಲು ಹೋಗಿ ಹೊಸ ಸೂಕ್ಷ್ಮದರ್ಶಕದ ತಟ್ಟೆಯ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ದೀಪದ ಕಾವಿಗೆ ಹನಿಯ ನೀರೇ ಬಿಸಿಯಾಗುತ್ತಿದೆ.

ನನ್ನ ಕೋಣೆಯ ಸೂಕ್ಷ್ಮದರ್ಶಕವೂ ಹೊಸದು. ಅದಕ್ಕೂ ದೀಪವಿದೆ. ಎರಡು ವರ್ಷದಿಂದ ಒಂದು ದಿನ ಬೇಗ ನೋಡಿ ಮುಗಿಸಿದ್ದೇನೆ, ಇನ್ನೊಂದು ದಿನ ದೀಪ ಉರಿಯಲು ಬಿಟ್ಟು ಚಹಾ ಕುಡಿದು ಬಂದಿದ್ದೇನೆ.

ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಆಗಸ್ಟ್ ೧೮, ಶುಕ್ರವಾರ

ಅತ್ತು ಮುಗಿಯಿತು. ಕಿಟಕಿ ಪಕ್ಕದ ಒಂದು ಹಳೆಯ ಸೂಕ್ಷ್ಮದರ್ಶಕ ನನ್ನ ಕೋಣೆಗೆ ತಂದುಕೊಂಡೆ. ಮತ್ತೆ ಮೊದಲಿನಿಂದ. ಇವತ್ತಿನ ಎಣಿಕೆಗಳು ಒಂದಕ್ಕೊಂದು ಹೊಂದಿದವು. ಸೋಮವಾರದವರೆಗೆ ಮಕ್ಕಳಿಗೆ ಹೇಳುವಂತಿಲ್ಲ. ಈ ಶನಿವಾರ ಭಾನುವಾರಗಳನ್ನು ಯಾರು ಕಂಡುಹಿಡಿದರೋ.

ಸೆಪ್ಟೆಂಬರ್ ೪, ಸೋಮವಾರ

ಪ್ರಾಯೋಗಿಕ ಪರೀಕ್ಷೆ. ನೀರುಚಿಗಟ ನೋಡಿ, ಬಿಡಿಸಿ, ಅಂಗಗಳ ಹೆಸರು ಬರೆಯಬೇಕು. ಹಾಳೆಗಳನ್ನು ಅಲ್ಲೇ ನೋಡುತ್ತಾ ಬಂದೆ. ಮಾವನ ಚಿತ್ರ ನೋಡಿ ಬೆರಗಾದೆ. ಇಷ್ಟು ದಿನ ರೆಪ್ಪೆ ಬಿಡಿಸುತ್ತಿದ್ದವರು ಹೃದಯ, ಕರುಳು, ಕಣ್ಣು ಎಲ್ಲವನ್ನೂ ಇಟ್ಟಿದ್ದರು. ಪಕ್ಕದ ಎರಡು ಜಡೆಯವಳ ಹಾಳೆ ನೋಡಿದೆ. ಅದೇ ಚಿತ್ರ, ಅದೇ ಓರೆ. ಅವಳ ಹಾಳೆಯ ಮೇಲೆ ಒಂದು ಹನಿ ಮಸಿ ಬಿದ್ದಿತ್ತು. ಮಾವ ಅದನ್ನೂ ಅದೇ ಜಾಗದಲ್ಲಿ ದುಂಡಗೆ ಬಿಡಿಸಿ, ಬಾಣ ಎಳೆದು, "ಎರಡನೇ ಕಣ್ಣು" ಎಂದು ಬರೆದಿದ್ದರು.

ನೀರುಚಿಗಟಕ್ಕೆ ಇರುವುದು ಒಂದೇ ಕಣ್ಣು.

ಮೂವತ್ತು ವರ್ಷ ಸಾಕ್ಷಿಗಳಿಗೆ ಪ್ರಮಾಣ ಬೋಧಿಸಿದ ಮನುಷ್ಯ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕಾಣದಂತೆ ಇರೋಣ ಅನ್ನಿಸಿತು. ಆದರೆ ಹಿಂದಿನ ಬೆಂಚುಗಳು ನನ್ನ ಮುಖವನ್ನೇ ನೋಡುತ್ತಿದ್ದವು. ಹೋದ ವರ್ಷ ಇದೇ ತಪ್ಪಿಗೆ ಒಬ್ಬ ಹುಡುಗನ ಹಾಳೆ ರದ್ದು ಮಾಡಿದ್ದೇನೆ. ಅವನು ನನಗೆ ಏನೂ ಆಗಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ.

"ಇದನ್ನ ನೋಡಿ ಬರೆದಿದೀರಿ. ರದ್ದು ಮಾಡ್ತಿದೀನಿ" ಅಂದೆ.

ಮಾವ ಎದ್ದು ನಿಂತು, ಪೆನ್ನುಗಳನ್ನು ಒಂದೊಂದಾಗಿ ಜೇಬಿಗೆ ಸಿಕ್ಕಿಸಿ, "ತೀರ್ಪು ಸರಿಯಾಗೇ ಇದೆ ಮೇಡಂ" ಎಂದು ಹೊರಗೆ ಹೋದರು. ಪಕ್ಕದ ಹುಡುಗಿ ಅಳತೊಡಗಿದಳು. ತಾನು ತೋರಿಸಲಿಲ್ಲ, ಹಾಳೆ ಮುಚ್ಚಿಟ್ಟುಕೊಳ್ಳಲೂ ಇಲ್ಲವಂತೆ.

ಸೆಪ್ಟೆಂಬರ್ ೫, ಮಂಗಳವಾರ

ಮೊದಲ ಬೆಂಚು ಖಾಲಿ. ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಪಾತ್ರೆಗಳೂ.

ಸೆಪ್ಟೆಂಬರ್ ೯, ಶನಿವಾರ

ಅತ್ತೆಯೇ ಮೌನ ಮುರಿದರು. "ರದ್ದಾದ್ರೂ ಮಾಡು, ಗಲ್ಲಿಗಾದ್ರೂ ಹಾಕು. ಆದ್ರೆ ಮೊದ್ಲು ಅವರನ್ನ ವಾಪಸ್ ಕರ್ಕೊಂಡು ಹೋಗು. ಬೆಳಗ್ಗಿಂದ ನನ್ನ ಮಸಾಲೆ ಡಬ್ಬಿಗಳನ್ನ ಅಕಾರಾದಿ ಕ್ರಮದಲ್ಲಿ ಜೋಡಿಸ್ತಿದಾರೆ. ನಾನು ಅಡುಗೆ ಮಾಡ್ಲೋ, ನಿಘಂಟು ನೋಡ್ಲೋ?"

ರಾಜಿಗೆ ದಾರಿ ಹುಡುಕುತ್ತಾ ವಿಭಾಗದಿಂದ ಒಂದು ಬಾಟಲಿ ನೀರುಚಿಗಟ ತಂದಿದ್ದೆ. ಮಾವ ಕಿಟಕಿಯ ಹತ್ತಿರ ಕುಳಿತಿದ್ದರು. ಚೀಲದಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದು, "ನೋಡಿ ಮಾವ, ನಿಮ್ಮನ್ನ ನೋಡೋಕೆ ಬಂದಿದಾವೆ" ಅಂದೆ.

ಅವರು ಬಾಟಲಿಯನ್ನು ಮೂಗಿನ ತನಕ ತಂದುಕೊಂಡು ನೋಡಿದರು. ಮುಖ ಸಡಿಲವಾಯಿತು. "ಅಬ್ಬಾ, ಎಷ್ಟು ಚೆನ್ನಾಗಿ ಕುಣೀತಿದಾವೆ. ಇದೊಂದು ನೋಡು, ಇದು ಭಾರಿ ಚುರುಕು."

ನಾನೂ ನೋಡಿದೆ. ಅದು ನನ್ನ ಕುಡಿಯುವ ನೀರಿನ ಬಾಟಲಿ. ನೀರುಚಿಗಟದ್ದು ಚೀಲದಲ್ಲೇ ಉಳಿದಿತ್ತು.

"ಮಾವ, ಇದರಲ್ಲಿ ಏನೂ ಇಲ್ಲ."

ಅವರು ಬಾಟಲಿಯನ್ನು ಕೆಳಗಿಟ್ಟರು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಯಾವಾಗಿಂದ?" ಅಂದೆ.

"ಹೋದ ವರ್ಷದಿಂದ. ದೊಡ್ಡ ಅಕ್ಷರ ಕಾಣತ್ತೆ, ಹತ್ರ ಹಿಡಿದ್ರೆ ಹಾಳೆ ಕಾಣತ್ತೆ. ಆ ನಿನ್ನ ಕೊಳವೇಲಿ ಕಣ್ಣಿಟ್ರೆ ಬರೀ ಮಂಜು. ಎಲ್ರೂ ಕಂಡಿತು ಕಂಡಿತು ಅಂತಾರೆ. ನಾನೊಬ್ಬ ಕಾಣ್ಲಿಲ್ಲ ಅಂತ ಹೆಂಗನ್ಲಿ?" ಬಾಗಿಲ ಕಡೆ ನೋಡಿ, "ನಿನ್ನ ಗಂಡನಿಗೆ ಹೇಳ್ಬೇಡಮ್ಮ. ಪೊರೆ ಅಂತಾನೆ. ಕಣ್ಣಿಗೆ ಚೂರಿ ಹಾಕಿಸ್ತಾನೆ" ಅಂದರು.

ಕೊಲೆ ಮೊಕದ್ದಮೆಯ ಚೂರಿಗಳನ್ನು ಕೈಯಾರೆ ನ್ಯಾಯಾಧೀಶರ ಮುಂದೆ ಇಟ್ಟವರು.

ಹೇಳಿದೆ. ಹೇಳದಿರಲು ಆಗಲಿಲ್ಲ. ಇವರು ಅಪ್ಪನ ಕಣ್ಣಿಗೆ ದೀಪ ಹಾಕಿ ನೋಡಿ, ಬಹಳ ಹೊತ್ತು ದೀಪ ಆರಿಸುವುದನ್ನೇ ಮರೆತು ಕುಳಿತರು. "ಊರಿಗೆಲ್ಲ ಕಣ್ಣು ನೋಡ್ತೀನಿ" ಅಂದರು. ದೀಪದ ಬುಡದಲ್ಲೇ ಕತ್ತಲೆ ಎಂದು ಅತ್ತೆ ಹೇಳಲು ಬಾಯಿ ತೆರೆದರು. ಮಗನ ಮುಖ ನೋಡಿ ಕಾಫಿ ಮಾಡಲು ಒಳಗೆ ಹೋದರು.

ಸೆಪ್ಟೆಂಬರ್ ೧೩, ಬುಧವಾರ

ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಒಳಗೆ ಹೋಗುವ ಮುಂಚೆ ಮಾವ ವೈದ್ಯರನ್ನು ಅಡ್ಡಪ್ರಶ್ನೆ ಕೇಳಿ ಸುಸ್ತು ಮಾಡಿದರು. ಹೊರಗೆ ಬಂದವರು "ಅಷ್ಟೇನಾ? ಇನ್ನೊಂದನ್ನೂ ಇವತ್ತೇ ಮಾಡ್ಬೋದಿತ್ತು" ಅಂದರು. ನಾನು ಕಾರಿಡಾರಿನಲ್ಲಿ ಕುಳಿತು ನಾಳೆಯ ಪಾಠದ ಸಿದ್ಧತೆ ಮಾಡಲು ನೋಡಿದೆ. ಒಂದೇ ಸಾಲನ್ನು ಹತ್ತು ಸಲ ಓದಿದೆ.

ಸೆಪ್ಟೆಂಬರ್ ೨೧, ಗುರುವಾರ

ಮುಖ್ಯಸ್ಥರು ತರಗತಿಗೆ ಬಂದು ಮೊದಲ ಬೆಂಚಿನ ಖಾಲಿ ಜಾಗದಲ್ಲಿ ಕುಳಿತರು. ಕೊನೆಯ ಬೆಂಚಿನಿಂದ ಉದ್ದನೆಯವನು, "ಸಾರ್, ಅದು ತಾತನ ಜಾಗ" ಅಂದ. ಮುಖ್ಯಸ್ಥರು ನನ್ನ ಕಡೆ ನೋಡಿದರು. ನಾನು ಹಲಗೆಯ ಕಡೆ ನೋಡಿದೆ. ಅವರು ಎದ್ದು ಎರಡನೇ ಬೆಂಚಿಗೆ ಹೋದರು.

ಅಚ್ಚುಕಟ್ಟಾಗಿ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಎರಡನೇ ವಾಕ್ಯಕ್ಕೇ ಎರಡು ಜಡೆಯವಳು, "ಮೇಡಂ, ಹಳೇ ಎಣಿಕೆಗಳನ್ನ ಏನ್ಮಾಡಿದ್ರಿ?" ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎರಡು ವರ್ಷದ ಕೆಲಸ ಹೇಗೆ ದೀಪದ ಕಾವಿನಲ್ಲಿ ಬೆಂದುಹೋಯಿತು ಎಂದು ಮುಖ್ಯಸ್ಥರ ಎದುರೇ ಹೇಳಿದೆ. ಅದರಲ್ಲಿ ಏನಾದರೂ ಉಳಿಸಿಕೊಳ್ಳಲು ಬರುತ್ತದೆಯೇ ಎಂದು ಮಕ್ಕಳನ್ನೇ ಕೇಳಿದೆ. ಒಬ್ಬೊಬ್ಬರದು ಒಂದೊಂದು ವಾದ. ಕೊನೆಗೆ ಎಲ್ಲರೂ ಸೂಕ್ಷ್ಮದರ್ಶಕದ ಮುಂದೆ. ಮುಖ್ಯಸ್ಥರ ಕೈಗೂ ಯಾರೋ ಪೆನ್ನು ಕೊಟ್ಟರು. ಅವರ ಚುಕ್ಕಿಗಳು ಬಡಿತದ ಅರ್ಧವೂ ಇರಲಿಲ್ಲ. "ಸಾರ್, ನೀವು ಮಧ್ಯ ನಿದ್ದೆ ಮಾಡಿದ್ರಿ ಅನ್ಸತ್ತೆ, ಇನ್ನೊಂದ್ಸಲ ಮಾಡಿ" ಎಂದ ಉದ್ದನೆಯವನು.

ಟಿಪ್ಪಣಿಯ ಒಂದು ಪುಟವೂ ಆಗಲಿಲ್ಲ. ತರಗತಿ ಪೂರ್ತಿ ಹಾಳು. ಕೆಲಸ ಹೋದ ಹಾಗೆಯೇ.

ಅಕ್ಟೋಬರ್ ೬, ಶುಕ್ರವಾರ

ಮುಖ್ಯಸ್ಥರು ಕರೆದಿದ್ದರು. ಖಾಯಂ ಮಾಡಲು ಶಿಫಾರಸು ಬರೆದಿದ್ದಾರೆ. "ನಿಮ್ಮ ಅರ್ಜಿ ನೆನಪಿದೆ. ಬರೋ ವರ್ಷ ಮೊದಲ ವರ್ಷದ ಪಾಠ ನಿಮಗೆ ಬೇಡ, ಶಿಲೀಂಧ್ರದವರಿಗೆ ಕೊಡ್ತೀನಿ. ನೀವು ಆರಾಮಾಗಿ ಸಂಶೋಧನೆ ಮಾಡ್ಕೊಳ್ಳಿ" ಅಂದರು.

ಬೇಡ ಸಾರ್, ಇರಲಿ ಅಂದೆ. ಅವರ ಮೇಲೆ ಹೊರೆ ಹಾಕುವುದು ಸರಿಯಲ್ಲ ಎಂದು ಕಾರಣ ಕೊಟ್ಟೆ. ನಿಜಕ್ಕೂ ಅಷ್ಟೇ ಕಾರಣ. ಶಿಲೀಂಧ್ರ ಮೇಡಂಗೆ ವಿಷಯ ಹೇಳಿದರೆ "ನಿಮಗೆ ಜ್ವರ ಏನಾದ್ರೂ ಇದ್ಯಾ?" ಎಂದು ಹಣೆ ಮುಟ್ಟಿ ನೋಡಿದರು.

ಅಕ್ಟೋಬರ್ ೧೩, ಶುಕ್ರವಾರ

ಮಾವನಿಗೆ ಮರುಪರೀಕ್ಷೆ. ಕಣ್ಣಿನ ಕಾರಣ ಬರೆದು ನಾನೇ ಅನುಮತಿ ತಂದಿದ್ದೆ. ಪ್ರಯೋಗಾಲಯದಲ್ಲಿ ನಾವಿಬ್ಬರೇ. ಕನ್ನಡಿಯ ಸೂಕ್ಷ್ಮದರ್ಶಕ, ಒಂದು ಹನಿ, ಒಂದು ದಪ್ಪನೆಯ ನೀರುಚಿಗಟ. "ಅರ್ಧ ಗಂಟೆ. ನೋಡಿ, ಬಿಡಿಸಿ, ಹೆಸರು ಬರೀರಿ" ಅಂದೆ.

ಮಾವ ಕಣ್ಣಿಟ್ಟರು. ತಿರುಪನ್ನು ತಾವೇ ಮೆಲ್ಲಗೆ ತಿರುಗಿಸಿದರು. ಆಮೇಲೆ ಅಲ್ಲಾಡಲಿಲ್ಲ. ಪೆನ್ಸಿಲ್ ಕೈಯಲ್ಲೇ ಇತ್ತು, ಹಾಳೆ ಬಿಳಿಯಾಗಿಯೇ ಇತ್ತು.

"ಮಾವ, ಬಿಡಿಸಿ. ಟೈಮಾಗ್ತಿದೆ."

"ಸುಮ್ನಿರಮ್ಮ. ಇದರ ಬೆನ್ನೊಳಗೆ ಮರಿಗಳಿವೆ."

"ಹೌದು, ಅಲ್ಲೇ ಬೆಳೆಯೋದು."

"ಅವುಗಳ ಎದೇನೂ ಬಡ್ಕೊಳ್ತಿದೆ. ಅಮ್ಮನದು ಒಂದು ತಾಳ, ಇವುಗಳದ್ದು ಒಂದು ತಾಳ."

ಸ್ಟೂಲು ಎಳೆದುಕೊಂಡು ನಾನೂ ನೋಡಿದೆ. ತುಂಬಿದ ಮರಿಗಳು, ಸಾಸಿವೆಯ ಚೂರಿನಂಥ ಕಣ್ಣು, ಅವುಗಳ ಹಿಂದೆ ನಡುಗುವ ಚುಕ್ಕೆಯಂಥ ಹೃದಯ. ಎರಡು ವರ್ಷದಿಂದ ತಾಯಿಯದನ್ನಷ್ಟೇ ಎಣಿಸುತ್ತಾ ಬಂದಿದ್ದೆ. ನೀರು ಬೆಚ್ಚಗಾದರೆ ಮರಿಗಳ ಬಡಿತವೂ ಅಷ್ಟೇ ಏರುತ್ತದೆಯೋ, ಬೇರೆ ರೀತಿಯೋ, ನನಗೆ ಗೊತ್ತಿಲ್ಲ. ಮಾವನಿಗೂ ಗೊತ್ತಿಲ್ಲ. ಒಬ್ಬರಾದ ಮೇಲೆ ಒಬ್ಬರು ನೋಡಿದೆವು.

ಕೊನೆಗೆ ಹಾಳೆಯಲ್ಲಿ ಇದ್ದದ್ದು ಒಂದು ಸೊಟ್ಟ ಸುತ್ತು, ಒಳಗೆ ಎರಡು ಚುಕ್ಕೆ. ಹೆಸರು ಬರೆಯಲು ಮರೆತಿದ್ದರು.

ಅಕ್ಟೋಬರ್ ೧೪, ಶನಿವಾರ

ಅಂಕ ಹಾಕಿದೆ. ಮಾವ ಫೇಲು. ಒಂದು ಸೊಟ್ಟ ಸುತ್ತು, ಎರಡು ಚುಕ್ಕೆಗೆ ಪಾಸಾಗುವಷ್ಟು ಕೊಡಲು ನಿಯಮವಿಲ್ಲ. ಊಟದ ಹೊತ್ತಿಗೆ ಹೇಳಿದೆ. ಇವರು ತಟ್ಟೆ ಹಿಡಿದುಕೊಂಡು ಎದ್ದು ಹೋಗಲು ಸಿದ್ಧರಾದರು.

"ಫೇಲಾದ್ರೆ ಏನಾಗತ್ತೆ?" ಅಂದರು ಅತ್ತೆ.

"ಬರೋ ವರ್ಷ ಮತ್ತೆ ಇದೇ ಕ್ಲಾಸಲ್ಲಿ ಕೂರ್ಬೇಕು."

"ಪೂರ್ತಿ ವರ್ಷ?"

"ಪೂರ್ತಿ."

ಅತ್ತೆ ಒಳಗೆ ಹೋಗಿ ಸಿಹಿಯ ಡಬ್ಬಿ ತಂದು ನನ್ನ ತಟ್ಟೆಗೆ ಎರಡು ಹಾಕಿದರು. ಮಾವನಿಗೆ ಇದ್ಯಾವುದರ ಕಡೆಗೂ ಗಮನವಿರಲಿಲ್ಲ. "ಆ ಮರಿಗಳು ಹೊರಗೆ ಬರೋದು ಯಾವಾಗಮ್ಮ?" ಎಂದು ಕೇಳಿದರು.

"ನಾಳೆ ಇರ್ಬೋದು ಮಾವ."

"ನಾಳೆ ಭಾನುವಾರ."

"ಪ್ರಯೋಗಾಲಯದ ಬೀಗದ ಕೈ ನನ್ನ ಹತ್ರಾನೇ ಇದೆ."

"ತಿಂಡಿ ಕಟ್ಟಿ ಕೊಡ್ತೀನಿ" ಅಂದರು ಅತ್ತೆ. "ಇಬ್ಬರೂ ಸಂಜೆ ಮಾಡ್ಕೊಂಡೇ ಬನ್ನಿ."

ಅಕ್ಟೋಬರ್ ೧೫, ಭಾನುವಾರ

ನಾವು ಬಾಗಿಲು ತೆಗೆಯುವಷ್ಟರಲ್ಲಿ ಆ ಮರಿಗಳು ಹೊರಗೆ ಬಂದು ಬಾಟಲಿಯ ತುಂಬ ಕುಪ್ಪಳಿಸುತ್ತಿದ್ದವು. ಮಾವನಿಗೆ ಬೇಸರವಾಯಿತು. ಇನ್ನೊಂದು ತುಂಬಿದ ಬಸುರಿಯನ್ನು ಹುಡುಕಿ ಹನಿಯಲ್ಲಿ ಕೂರಿಸಿದ್ದೇವೆ. ಅವರು ನೋಡುತ್ತಿದ್ದಾರೆ, ನಾನು ಪಕ್ಕದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮುಖ್ಯಸ್ಥರಿಗೆ ಕೊಡಬೇಕಾದ ಸಂಶೋಧನೆಯ ವರದಿ ಇನ್ನೂ ಆರಂಭಿಸಿಲ್ಲ. ಇವತ್ತಾದರೂ ಅದಕ್ಕೆ ಕೂರಬೇಕು.

ಮಾವ ಕರೆಯುತ್ತಿದ್ದಾರೆ.